ಒರಟು ಮಾತಿನ ಹುಡುಗ

ಶಂಕ್ರವ್ವ ಗಂಡನ ಧೋತರಕ್ಕೆ ಇಸ್ತ್ರಿ ಒತ್ತುತ್ತಿದ್ದಾಗ ಮಗ ಪ್ರವೀಣ ಫೋನು ಕೆಳಗಿಟ್ಟ.

“ಅವ್ವಾ, ಕುಂದರಿಸಿ ಮಣ್ಣು ಮಾಡಾಕ ಪರ್ಮಿಶನ್ ಇಲ್ಲಂತ. ಪೆಟ್ಟಿಗ್ಯಾಗ ಮಲಗಿಸಬೇಕಂತ.”

“ನಿಮ್ಮಪ್ಪ ಜಡ್ಡಿನಾಗೂ ಮಲಗಿ ಉಂಡವರಲ್ಲ,” ಎಂದಳು. ಇಸ್ತ್ರಿ ಮುಂದಕ್ಕೆ ಸರಿಯಿತು.

ಅಮೆರಿಕದಲ್ಲಿ ಭಾರತದ ಅಂಗಡಿಗಳಿರುವ ಆರ್ಟೀಸಿಯಾ ಪೇಟೆಯಿಂದ ಹೂವು, ವಿಭೂತಿ ತಂದ ಗೆಳತಿ ಪ್ರೇಮವ್ವ ಫ್ರಿಜ್ಜಿನ ಮುಂದೆ ನಿಂತಳು. ಬಾಗಿಲಿಗೆ ಅಂಟಿಸಿದ ಲಕೋಟೆ ಹಳದಿಗೆ ತಿರುಗಿತ್ತು.

“ಅಯ್ಯ, ಇದನ್ನ ಇನ್ನೂ ಪೋಸ್ಟ್ ಮಾಡಿಲ್ಲೇನ?”

“ಹಾಲು ತಗೊಳ್ಳುವಾಗೆಲ್ಲ ನೋಡ್ತಿದ್ರು. ನಾಳೆ ಅಂತಿದ್ರು.”

ಅದರಲ್ಲಿ ಏನಿದೆ ಎಂದು ಮನೆಮಂದಿಗೆಲ್ಲ ಗೊತ್ತು. ‘ನನ್ನ ಅನುವಾದವನ್ನು ಗ್ರಂಥಭಾಷೆಗೆ ತಿದ್ದಿ ಅಚ್ಚು ಹಾಕಿಕೊಳ್ಳಬಹುದು’ ಎಂದು ಗಂಡ ಶಿವರುದ್ರಪ್ಪನವರು ಬೆಂಗಳೂರಿನ ಪ್ರಕಾಶಕರಿಗೆ ಬರೆದಿದ್ದ ಒಪ್ಪಿಗೆ.

*

ಇಂಗ್ಲಿಷ್ ಕಲಿಯಲು ರಾತ್ರಿ ಶಾಲೆಗೆ ಹೋಗುತ್ತಿದ್ದ ಶಂಕ್ರವ್ವನ ಕೈಗೆ ಟೀಚರು ಹಳೆಯ ಅಮೆರಿಕನ್ ಕಾದಂಬರಿಯೊಂದನ್ನು ಕೊಟ್ಟಿದ್ದಳು. ಮನೆಬಿಟ್ಟು ಓಡಿದ ಹುಡುಗ ತನ್ನ ಒರಟು ಮಾತಿನಲ್ಲೇ ಹೇಳುವ ಕತೆ. ಜೊತೆಗೆ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಕಪ್ಪು ಮನುಷ್ಯ. ಅದರೊಳಗೆ ಕಪ್ಪು ಜನರನ್ನು ಕರೆಯುವ ಬೈಗುಳಕ್ಕಾಗಿ ಶಾಲೆಗಳಲ್ಲಿ ಇಂದಿಗೂ ಜಗಳ.

“ಈ ಹುಡುಗ ನಮ್ಮ ಗದಗಿನ ಕಡೆಯವರಂಗ ಮಾತಾಡ್ತಾನ್ರೀ!”

ನಕ್ಷೆ ಬರೆಯುವ ಕೆಲಸದಿಂದ ರಿಟೈರಾಗಿದ್ದ ಶಿವರುದ್ರಪ್ಪನವರು ಅನುವಾದಕ್ಕೆ ಕೂತರು. ಅವರು ಅರ್ಥ ಹೇಳುವರು. ರೊಟ್ಟಿ ಬಡಿಯುತ್ತ ಅವಳು ತನ್ನ ಮಾತಿನಲ್ಲಿ ಆಡುವಳು. ಅದನ್ನೇ ಅವರು ಬರೆಯುವರು.

“ಈ ಬೈಗುಳ ಬಿಡೂಣೇನ?”

“ಬೈದವರು ಬೈದಾರ. ಅವರ ಬಾಯಿ ನೀವ್ಯಾಕ ತೊಳೀತೀರಿ?”

ನಕ್ಕು ಬರೆದುಕೊಂಡರು. ಪ್ರಕಾಶಕರು ನಗಲಿಲ್ಲ. ಹಳ್ಳಿಮಾತಿನಲ್ಲಿ ಇಡೀ ಪುಸ್ತಕ ಯಾರೂ ಓದುವುದಿಲ್ಲ, ತಿದ್ದಲು ಒಪ್ಪಿದರೆ ಮಾತ್ರ ಎಂದರು.

*

ಪೆಟ್ಟಿಗೆಯಲ್ಲಿ ಮಲಗಿದವರ ಅಂಗೈಯಲ್ಲಿ ಲಿಂಗ ನಿಲ್ಲಲಿಲ್ಲ. ಎರಡು ಸಲ ಜಾರಿತು. ಪೂಜೆಗೆ ಬಂದಿದ್ದ ರಾಚಯ್ಯನವರು ಕೊನೆಗೆ ಬೆರಳು ಮಡಿಸಿ ದಾರ ಕಟ್ಟಿದರು.

“ಇಷ್ಟೇ ಆಗೂದು ತಾಯಿ, ಈ ದೇಶದಾಗ.”

ಶಂಕ್ರವ್ವ ಮುಚ್ಚಳ ಹಾಕುವವರೆಗೂ ಆ ದಾರವನ್ನೇ ನೋಡಿದಳು.

ಮನೆಗೆ ಬಂದವಳೇ ಫ್ರಿಜ್ಜಿನಿಂದ ಲಕೋಟೆ ತೆಗೆದಳು. ಅಂಚೆ ದರ ಏರಿತ್ತು. ಇನ್ನೊಂದು ಸ್ಟ್ಯಾಂಪು ಹಚ್ಚಿದಳು.

“ಕಳಸಬ್ಯಾಡವ್ವಾ,” ಎಂದ ಪ್ರವೀಣ. “ಅಪ್ಪ ಅದಕ್ಕ ಅಲ್ಲೇನು ತಡದಿದ್ದು? ಪುಸ್ತಕದಾಗ ನಿನ್ನ ಮಾತು ಒಂದೂ ಉಳಿಯೂದಿಲ್ಲ.”

“ಅವರ ಹೆಸರಾದ್ರೂ ಉಳೀತೈತಲ್ಲ.”

ಅಂಗಳದ ತುದಿಯಲ್ಲಿದ್ದ ಮನೆಯ ಅಂಚೆಪೆಟ್ಟಿಗೆ ತೆರೆದಳು. ಲಕೋಟೆಯನ್ನು ಪೆಟ್ಟಿಗೆಯ ಒಳಗೋಡೆಗೆ ಒರಗಿಸಿ ನಿಲ್ಲಿಸಲು ನೋಡಿದಳು. ನಿಲ್ಲಲಿಲ್ಲ. ಮಲಗಿಸಿ ಬಾಗಿಲು ಮುಚ್ಚಿ, ಒಯ್ಯಬೇಕಾದ ಪತ್ರವಿದೆಯೆಂದು ಪೋಸ್ಟ್‌ಮ್ಯಾನಿಗೆ ತಿಳಿಯುವಂತೆ ಪೆಟ್ಟಿಗೆಯ ಪಕ್ಕದ ಕೆಂಪು ಬಾವುಟ ಎತ್ತಿದಳು.