ಬುರಾನುದ್ದೀನ ಸರ್ ಅವರ ಹಳೇ ನೋಟ್ಸು

ಬುರಾನುದ್ದೀನ ರಾಜಕೀಯಕ್ಕೆ ಬಂದು ಆರು ವರ್ಷವಾಗಿದ್ದರೂ ಅವರ ಬಾಯಿ ಇನ್ನೂ ಯೂನಿವರ್ಸಿಟಿಯ ಕಾನೂನು ವಿಭಾಗದಲ್ಲೇ ಇತ್ತು. ಹದಿನೆಂಟು ವರ್ಷ ನೋಟ್ಸ್ ಬರೆಸಿದ ಬಾಯಿ ಅದು. ಅತನೂರಿನ ಸಭೆಯಲ್ಲಿ "ರೈತರಿಗೆ ನೀರು ಬೇಕು" ಎಂದು ಎರಡು ಸಲ ನಿಧಾನವಾಗಿ ಹೇಳಿ, "ಪೂರ್ಣವಿರಾಮ" ಅಂದುಬಿಟ್ಟಿದ್ದರು. ಜನ ಅದನ್ನೂ ಒಂದು ಭರವಸೆ ಅಂದುಕೊಂಡು ಚಪ್ಪಾಳೆ ತಟ್ಟಿದರು.

ನಾಮಪತ್ರವನ್ನು ಅವರು ತಾವೇ ತುಂಬಿದ್ದರು. ಮನೆಯಾಕೆ ಗೌಸಿಯಾಬೇಗಂ ಚಹಾ ಇಡುತ್ತ, "ನಂಬರ್ ಇನ್ನೊಮ್ಮೆ ನೋಡ್ರಿ. ಗ್ಯಾಸಿನ ಫಾರ್ಮಿನ್ಯಾಗ ನನ್ನ ಹುಟ್ಟಿದ ವರ್ಷಾನ ತಪ್ಪು ಬರ್ದೀರಿ" ಅಂದಿದ್ದಳು.

"ಹದಿನೆಂಟು ವರ್ಷ ಇದನ್ನ ಕಲಿಸೀನಿ ಬೇ."

"ಕಲ್ಸೋದು ಬ್ಯಾರೆ, ಬರ್ಯೋದು ಬ್ಯಾರೆ" ಅಂದು ಆಕೆ ಒಳಗೆ ಹೋಗಿದ್ದಳು.

ಮರುದಿನ ಅಫಜಲಪುರದ ತಹಶೀಲ ಕಚೇರಿಯಲ್ಲಿ ನಾಮಪತ್ರಗಳ ಪರಿಶೀಲನೆ. ಮೇಜಿನ ಆಚೆ ಚುನಾವಣಾಧಿಕಾರಿ ಪಂಚಶೀಲಾ. ಈಚೆ ಅಭ್ಯರ್ಥಿಗಳು, ಅವರ ವಕೀಲರು. ವಕೀಲರಲ್ಲಿ ಐದು ಜನ ತಮ್ಮ ಶಿಷ್ಯರೇ ಎಂದು ಎಣಿಸಿ ಬುರಾನುದ್ದೀನರಿಗೆ ಎದೆ ಉಬ್ಬಿತು. ಐದನೆಯವನು ದೇವಾನಂದ ಎಂದು ಗೊತ್ತಾದಾಗ ಅದು ಸ್ವಲ್ಪ ಇಳಿಯಿತು. ಚುನಾವಣಾ ಕಾನೂನಿನ ಪೇಪರಿನಲ್ಲಿ ದೇವಾನಂದನನ್ನು ಅವರು ಮೂರು ಸಲ ನಪಾಸು ಮಾಡಿದ್ದರು. ಅತನೂರಿನ ಈ ಹುಡುಗ ಈಗ ಎದುರಾಳಿ ಖಾದರಸಾಬರ ವಕೀಲ.

ಬುರಾನುದ್ದೀನರ ಹೆಸರು ಬಂದಾಗ ದೇವಾನಂದ ಎದ್ದ.

"ಮೇಡಂ, ಆಕ್ಷೇಪಣೆ ಅದ. ಮತದಾರರ ಪಟ್ಟಿಯೊಳಗ ಸರ್ ಅವರ ಕ್ರಮಸಂಖ್ಯೆ ಆರುನೂರಾ ಇಪ್ಪತ್ತೊಂದು. ಅರ್ಜಿಯೊಳಗ ಆರುನೂರಾ ಹನ್ನೆರಡು ಅಂತ ಬರ್ದಾರ. ನಾಮಪತ್ರ ರದ್ದಾಗಬೇಕು."

ಪಂಚಶೀಲಾ ಎರಡೂ ಕಾಗದ ನೋಡಿದರು. ತಪ್ಪು ನಿಜವಾಗಿತ್ತು. ಬುರಾನುದ್ದೀನರ ಕಿವಿಯಲ್ಲಿ ಗೌಸಿಯಾಬೇಗಂಳ ಚಹಾದ ಕಪ್ಪು ಒಮ್ಮೆ ಸದ್ದು ಮಾಡಿತು.

"ರದ್ದಾಗಬೇಕು ಅನ್ನಾಕ ಆಧಾರ ಏನ್ರಿ?" ಪಂಚಶೀಲಾ ದೇವಾನಂದನನ್ನು ಕೇಳಿದರು.

ದೇವಾನಂದ ಚೀಲದಿಂದ ಒಂದು ಉದ್ದನೆಯ ನೋಟ್‌ಬುಕ್ಕು ತೆಗೆದ. ರಟ್ಟು ಬಿಟ್ಟುಕೊಂಡಿತ್ತು. ಗಂಟಲು ಸರಿಮಾಡಿಕೊಂಡು ಓದಿದ: "ಮತದಾರರ ಪಟ್ಟಿಯ ಸಂಖ್ಯೆಯಲ್ಲಿ ಒಂದಂಕಿ ತಪ್ಪಿದರೂ, ಅಲ್ಪವಿರಾಮ, ನಾಮಪತ್ರ ರದ್ದು. ಅಡಿಗೆರೆ ಹಾಕಿಕೊಳ್ಳಿ. ಪ್ರೊಫೆಸರ್ ಬುರಾನುದ್ದೀನ, ಎರಡನೇ ಸೆಮಿಸ್ಟರ್, ಪುಟ ಹದಿನೇಳು."

ಹಿಂದಿನ ಬೆಂಚಿನಿಂದ, "ನಾವೂ ಅಡಿಗೆರಿ ಹಾಕ್ಕೊಂಡೀವಿ ಮೇಡಂ!" ಅಂತ ಇನ್ನೊಬ್ಬ ಹಳೇ ಶಿಷ್ಯ ಸಾಕ್ಷಿ ಹೇಳಿದ.

"ನನ್ನ ಕೈಪಿಡಿಯೊಳಗ ಏನದ ಅಂತ ನನಗ ಗೊತ್ತದ" ಅಂದರು ಪಂಚಶೀಲಾ. "ಆದ್ರ ಆಕ್ಷೇಪಣೆಗೆ ಅಭ್ಯರ್ಥಿ ಉತ್ತರ ದಾಖಲಾಗಬೇಕು. ಸರ್, ಈ ನೋಟ್ಸು ನಿಮ್ಮದೇನ್ರಿ?"

"ಹೌದ್ರಿ."

"ಖರೆ ಅದನೋ, ತಪ್ಪದನೋ?"

ಇಂಥ ಸಣ್ಣ ತಪ್ಪಿಗೆ ನಾಮಪತ್ರ ರದ್ದಾಗುವುದಿಲ್ಲವೆಂದು ಕಾನೂನಿನಲ್ಲೇ ಇದೆ. ಅದು ಬುರಾನುದ್ದೀನರಿಗೆ ಗೊತ್ತಾದದ್ದು ರಾಜಕೀಯಕ್ಕೆ ಬಂದು ಕಾಯ್ದೆಯನ್ನು ಮೊದಲ ಸಲ ಪೂರ್ತಿ ಓದಿದಾಗ. ಅಲ್ಲಿಯವರೆಗೆ ಅವರು ಬರೆಸಿದ್ದು ತಮ್ಮ ಗುರುಗಳು ತಮಗೆ ಬರೆಸಿದ್ದನ್ನು. ನೋಟ್ಸು ಖರೆ ಅಂದರೆ ಆಕ್ಷೇಪಣೆಯನ್ನು ತಾವೇ ಒಪ್ಪಿಕೊಂಡಂತೆ, ಚುನಾವಣೆ ಇವತ್ತೇ ಮುಗಿಯಿತು. ತಪ್ಪು ಅಂದರೆ ಹದಿನೆಂಟು ವರ್ಷ ಮುಗಿಯಿತು.

"ನೋಡ್ರಿ, ನೋಟ್ಸ್ ಅನ್ನೋದು ಪರೀಕ್ಷೆಗೆ. ಕಾನೂನು ಬ್ಯಾರೆ..."

"ಹಂಗಂದ್ರ ತಪ್ಪು ಅಂತ ಬರ್ಕೊಳ್ಳಲೇನ್ರಿ?"

"...ತಪ್ಪು."

"ಕೇಳಸಲಿಲ್ಲ ಸರ್" ಹಿಂದಿನ ಬೆಂಚು.

ಆ ಮಾತು ಕೇಳಿದ್ದೇ ತಡ, ಹದಿನೆಂಟು ವರ್ಷದ ಅಭ್ಯಾಸ ತಾನಾಗಿಯೇ ಎದ್ದು ನಿಂತಿತು. ಬುರಾನುದ್ದೀನ ಗೋಡೆಯ ಕಡೆ ಮುಖ ಮಾಡಿ, ಕೈ ಹಿಂದೆ ಕಟ್ಟಿ, ಎಲ್ಲರಿಗೂ ಬರೆದುಕೊಳ್ಳಲು ಸಮಯ ಕೊಡುತ್ತ ಹೇಳಿದರು: "ಪುಟ ಹದಿನೇಳರ ನನ್ನ ನೋಟ್ಸು, ಅಲ್ಪವಿರಾಮ, ತಪ್ಪು. ನನ್ನ ನೋಟ್ಸು ತಪ್ಪು. ಪೂರ್ಣವಿರಾಮ."

ಐದೂ ಜನ ಬರೆದುಕೊಂಡರು. ಪಂಚಶೀಲಾ ಕೂಡ ಬರೆದುಕೊಂಡು, "ನಾಮಪತ್ರ ಸಿಂಧು" ಅಂದರು. ಅದುವರೆಗೆ ತೂಕಡಿಸುತ್ತಿದ್ದ ಖಾದರಸಾಬ ಎಚ್ಚರಾಗಿ, "ಗೆದ್ದಿವೇನಲೇ?" ಅಂದರು. ದೇವಾನಂದ ಬಹಳ ಸಮಾಧಾನದಿಂದ, "ಗೆದ್ದೀವ್ರಿ" ಅಂದ.

ಹೊರಗೆ ಬೇವಿನ ಗಿಡದ ಕೆಳಗೆ ಅವನು ಬುರಾನುದ್ದೀನರನ್ನು ಹಿಡಿದ. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಝೆರಾಕ್ಸ್. ಅವನ ಮೂರನೇ ಸಲದ ಉತ್ತರಪತ್ರಿಕೆ. 'ಇಂಥ ತಪ್ಪಿಗೆ ನಾಮಪತ್ರ ರದ್ದಾಗುವುದಿಲ್ಲ' ಎಂದು ಬರೆದ ಉತ್ತರದ ಪಕ್ಕ ಕೆಂಪು ಸೊನ್ನೆ.

"ಮರುಮೌಲ್ಯಮಾಪನಕ್ಕೂ ಹಾಕಿದ್ದೆ ಸರ್. ಅಲ್ಲೂ ನೀವ ಬಂದ್ರಿ."

ಬುರಾನುದ್ದೀನ ಖಾದಿ ಜುಬ್ಬಾದ ಕಿಸೆಗೆ ಕೈ ಹಾಕಿದರು. ಕೆಂಪು ಪೆನ್ನು ಇನ್ನೂ ಅಲ್ಲೇ ಇತ್ತು. ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರಡಿ ಮೊದಲಿನಿಂದ ಕೊನೆಯವರೆಗೆ ಓದಿದರು. ಸೊನ್ನೆ ಹೊಡೆದು ಹನ್ನೆರಡು ಬರೆದು, ಸಹಿ ಹಾಕಿ, ತಾರೀಖು ಹಾಕಿದರು.

"ಹದಿನಾರಕ್ಕ ಹನ್ನೆರಡ ಯಾಕ್ರಿ ಸರ್?"

"ಕಲಂ ನಂಬರ್ ಬರ್ದಿಲ್ಲ. ಮ್ಯಾಲ ಅಕ್ಷರಾನೂ ಕೆಟ್ಟದ."

ದೇವಾನಂದ ಕಾಗದವನ್ನು ಅದೇ ನಾಲ್ಕು ಮಡಿಕೆಗೆ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಬುರಾನುದ್ದೀನರಿಗೆ ತಾವು ಅಭ್ಯರ್ಥಿ ಎಂಬುದು ಆಗ ನೆನಪಾಯಿತು.

"ಮತ್ತ, ದೇವಾನಂದ, ವೋಟು?"

"ಮತದಾನ ಗುಪ್ತ, ಯಾರಿಗೂ ಹೇಳಬಾರದು ಅಂತ ಪುಟ ನಲವತ್ತರಾಗ ಬರ್ಸೀರಿ. ಅದಾದ್ರೂ ಖರೆ ಅದನೋ ಇಲ್ಲೋ ಸರ್?"

"ಅದು ಖರೆ ಅದ" ಅಂದರು ಬುರಾನುದ್ದೀನ. ಜೀಪು ಹತ್ತಿ ಕೂತ ಮೇಲೆ, ಕಾಯ್ದೆಯ ಪುಸ್ತಕ ತೆಗೆದು ಒಮ್ಮೆ ನೋಡಿಕೊಂಡರು.