ಬಾಯಾರಿಕೆಯ ನೀರು

ಮುದ್ದಮ್ಮನ ಕನಸಿಗೆ ಈಚೆಗೆ ಹೊಳೆಯೊಂದೇ ಬರುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಮುಡುಕುತೊರೆ ಬೆಟ್ಟದ ಕೆಳಗೆ ಕಾವೇರಿ ತುಂಬಿ ಹರಿಯುತ್ತಾಳೆ, ಮುದ್ದಮ್ಮ ಸೊಂಟದ ಮಟ್ಟ ಇಳಿದು ನಿಂತಿದ್ದಾಳೆ. "ಒಳೆ ತುಂಬ ನೀರದೆ ಕಣವ್ವ, ಬೊಗ್ಸೆಗೆ ಮಾತ್ರ ಬತ್ತಾ ಇಲ್ಲ" ಎಂದು ಪಿಸುಗುಟ್ಟುತ್ತಿದ್ದಳು. ಕೇಳಿದ ನೆರೆಯವರೆಲ್ಲ ತಲೆಯಾಡಿಸಿ, ಆಚೆ ದಡ ಕರೀತಾ ಅದೆ ಎಂದು ತೀರ್ಮಾನ ಕೊಟ್ಟು ಹೋದರು. ಅವರಿಗೇನು, ಇನ್ನೊಬ್ಬರ ಕನಸಿಗೆ ಅರ್ಥ ಹೇಳುವುದಕ್ಕೆ ಕಾಸು ಖರ್ಚಿಲ್ಲ.

ಆ ಮನೆಗೆ ಗೌತಮಿ ಬಂದದ್ದು 2005ರ ಬೇಸಿಗೆಯಲ್ಲಿ. ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದ, ಹೆಡತಲೆ ಎಂಬ ಊರಿನ ಹುಡುಗಿ. ವಾಸಿಯಾಗದ ಕಾಯಿಲೆಯವರನ್ನು ನೋಡಿಕೊಳ್ಳುವುದನ್ನು ಕಲಿಯಲಿ ಎಂದು ಕಾಲೇಜು ಅವಳನ್ನು ತಿ. ನರಸೀಪುರದ ಡಾಕ್ಟರ್ ಇಂದ್ರಾಣಿಯವರ ಜೊತೆ ಮನೆಮನೆ ಸುತ್ತಲು ಹಾಕಿತ್ತು. ಅವರ ಪಾಠವೋ ವಿಚಿತ್ರ. "ಮೊದಲು ಸುಮ್ನೆ ಕೂತು ಕೇಳು. ಸ್ಟೆತಾಸ್ಕೋಪು ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದರು.

ಗೌತಮಿ ಕೂತಳು. ಮಧ್ಯಾಹ್ನದ ಬಿಸಿಲು ಹೆಂಚಿನ ಸಂದಿಯಿಂದ ಇಳಿದು, ಗುಡಾಣದ ನೀರಿಗೆ ಬಿದ್ದು, ಗೋಡೆಯ ಮೇಲೆ ಅಲೆಅಲೆಯಾಗಿ ಆಡುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೂ ಮನೆಗೆ ಮನೆಯೇ ಹೊಳೆಯೊಳಗೆ ಇಳಿದಂತೆ ಅನ್ನಿಸಿತು. ಮುದ್ದಮ್ಮ ನಿದ್ದೆಯಲ್ಲೇ ಬೊಗಸೆ ಒಡ್ಡಿದಳು. ತುಟಿ ಒಡೆದಿತ್ತು, ನಾಲಿಗೆ ಅಂಗುಳಿಗೆ ಅಂಟಿತ್ತು. ಹೊಟ್ಟೆಯ ಗಡ್ಡೆಯ ನೋವಿಗೆ ಕೊಡುತ್ತಿದ್ದ ಮಾತ್ರೆ ಬಾಯಿ ಒಣಗಿಸುತ್ತದೆ. ಅಯ್ಯೋ, ಇದು ಯಾವ ದಡವೂ ಅಲ್ಲ, ಬರೀ ಬಾಯಾರಿಕೆ ಎಂದು ಹೊಳೆದು ಗೌತಮಿಗೆ ಕರುಳು ಚುರುಕ್ಕೆಂದಿತು. ಮುದುಕಿಯ ತಲೆ ವಾರೆ ಮಾಡಿ, ಬಟ್ಟೆಯ ತುದಿ ಅದ್ದಿ, ಬಾಯಿಗೆ ಹನಿಹನಿಯಾಗಿ ಹಿಂಡಿದಳು.

ಮಗಳು ಮಹದೇವಮ್ಮನ ಕೈಯ ಮೊರ ಕೆಳಗೆ ಬಿತ್ತು. "ಅವ್ವೋ, ನನ್ನವ್ವ" ಎಂದು ಅವಳು ಎದೆ ಬಡಿದುಕೊಂಡದ್ದೇ ತಡ, ಬೀದಿಗೆ ಬೀದಿಯೇ ಬಾಗಿಲಲ್ಲಿ ನಿಂತಿತು. ಮಲಗಿದವರ ಬಾಯಿಗೆ ಹನಿ ನೀರು ಬಿಟ್ಟರೆ ಅದು ಜೀವ ಕಳಿಸಿಕೊಡುವ ನೀರು, ಮನೆಯವರೇ ಬಿಡಬೇಕು. ಅದಕ್ಕೇ, ಮುದ್ದಮ್ಮ ಎದ್ದು ಲೋಟ ಹಿಡಿಯಲಾರದೆ ಹೋದ ಮೇಲೆ ಯಾರೂ ಅವಳ ಬಾಯಿಗೆ ಬರೀ ನೀರು ಸೋಕಿಸಿರಲಿಲ್ಲ, ಮಾತ್ರೆಯನ್ನೂ ತುಸು ಗಂಜಿಯಲ್ಲೇ ಕೊಡುತ್ತಿದ್ದರು. ಹೆಡತಲೆಯಲ್ಲಿ ಅಜ್ಜಿಗೆ ತಾನೇ ಹಾಗೆ ನೀರು ಬಿಟ್ಟದ್ದು ಗೌತಮಿಗೆ ಆಗ ನೆನಪಾಯಿತು. ಓದು ತಲೆಗೇರಿದರೆ ಊರು ಮರೆಯುತ್ತದೆ ಎಂದು ಸುಮ್ಮನೆ ಹೇಳುತ್ತಾರೆಯೇ.

ಗಂಡ ಕೆಂಪಯ್ಯ ಜಗುಲಿಯಿಂದ ಎದ್ದು ಬಂದ. ಬೈಯಲಿಲ್ಲ. "ನಾ ಬುಡ್ಬೇಕಾದ್ ನೀರ ನೀ ಬುಟ್ಬುಟ್ಟಲ್ಲವ್ವ" ಎಂದ. ಗೌತಮಿ ದಿಕ್ಕು ತೋಚದೆ, ಮೂಲೆಯಲ್ಲಿ ಕೂತಿದ್ದ ಇಂದ್ರಾಣಿಯವರತ್ತ ನೋಡಿದಳು. ಅವರು ಕಣ್ಣಲ್ಲೇ ಮುದ್ದಮ್ಮನನ್ನು ತೋರಿಸಿದರು.

ಅಷ್ಟರಲ್ಲಿ ಮುದ್ದಮ್ಮ ಕಣ್ಣು ಬಿಟ್ಟಳು. "ಯಾಕಮ್ಮಿ ಬಡ್ಕೊಂಡೀಯೆ? ಇನ್ನೊಸಿ ಬುಡಿ."

ಅಳು ನಿಂತಿತು. ಗೌತಮಿ ಬಟ್ಟೆಯನ್ನು ಕೆಂಪಯ್ಯನತ್ತ ಚಾಚಿದಳು. ಅವನು ಕೈ ಹಿಂದಕ್ಕೆಳೆದುಕೊಂಡ.

"ನಾ ಬುಟ್ರೆ ಒಂಟೋಯ್ತಾಳೆ ಕಣವ್ವ."

ಇಲ್ಲ, ಹೋಗುವುದಿಲ್ಲ ಎಂದುಬಿಡುವುದು ಸುಲಭವಿತ್ತು. ಗೌತಮಿ ಬಟ್ಟೆಯನ್ನು ಹಾಗೇ ಚಾಚಿ ಹಿಡಿದಳು. "ಹೋಗೋದು ಹೋಗ್ತಾರೆ ತಾತ, ಇವತ್ತೋ ಇನ್ಯಾವತ್ತೋ. ಬಾಯಾರ್ಕೊಂಡು ಹೋಗೋದು ಬ್ಯಾಡ."

ಕೆಂಪಯ್ಯ ಗೋಡೆಯ ಮೇಲಿನ ಅಲೆ ನೋಡಿದ. ಆಮೇಲೆ ಬಟ್ಟೆ ಅದ್ದಿದ. ಹಿಂಡಿದ್ದರಲ್ಲಿ ಅರ್ಧ ನೀರು ಗಲ್ಲದ ಮೇಲೇ ಹರಿಯಿತು. "ಜೀವ್ಮಾನ್ವೆಲ್ಲ ಇಂಗೇ, ನೆಟ್ಗೆ ಒಂದ್ ಕೆಲ್ಸ ಬರಾಕಿಲ್ಲ" ಎಂದು ಗೊಣಗಿ, ನುಂಗಿ, ಮುದ್ದಮ್ಮ ನಿದ್ದೆ ಹೋದಳು. ಅಂದು ಮತ್ತೆ ಬೊಗಸೆ ಒಡ್ಡಲಿಲ್ಲ.

ಮುಂದಿನ ವಾರ ಗೌತಮಿ ಹೋದಾಗ ಹಾಸಿಗೆ ಸುತ್ತಿಟ್ಟಿತ್ತು. ಕೆಂಪಯ್ಯ ಜಗುಲಿಯ ಮೇಲೆ ಆ ಬಟ್ಟೆ ಹಿಡಿದು ಕೂತಿದ್ದ. ಅವಳು ಏನೂ ಕೇಳದೆ ಪಕ್ಕದಲ್ಲಿ ಕೂತಳು. ಅವನು ಕಣ್ಣೊರೆಸಿಕೊಂಡ.

"ಗಳ್ಗೆಗೊಂದ್ಸಲ ಬುಡ್ತಾನೇ ಇದ್ದೆ ಕಣವ್ವ. ಕುಡ್ದು ಮಲಿಕಂಡ್ಲು, ಎದ್ದೇಳ್ನಿಲ್ಲ. ಅದ್ರಲ್ಲಿ ಕಡೇ ನೀರು ಯಾವ್ದು ಅಂತ ನಂಗ್ ತಿಳೀನೇ ಇಲ್ಲ."