ಐದನೇ ತರಗತಿಯ ಕೃಪಾಂಕ

"ಕಾಲಿಗೆ ಚಕ್ರ ಕಟ್ಕೊಂಡಿದೀಯೇನೇ? ಒಂದ್ಕಡೆ ಕೂತು ತಿನ್ನಬಾರ್ದಾ?" ಎಂದರು ಅತ್ತೆ.

ದೊಡ್ಡ ಟೀಚರ್ ಕೂತರು, ಮತ್ತೆ ಎದ್ದರು. ಇಪ್ಪತ್ತೆಂಟು ವರ್ಷ ಐದನೇ ತರಗತಿಗೆ ಗಣಿತ ಕಲಿಸಿದ ಅವರಿಗೆ ಶಾಲೆಯಲ್ಲಿ ಅದೇ ಹೆಸರು.

"ಯಾರ ಜೊತೆ ಜಗಳ?"

"ಜಗಳ ಅಲ್ಲ ಅತ್ತೆ, ಲೆಕ್ಕ."

"ಲೆಕ್ಕದ ಟೀಚರಿಗೇ ಲೆಕ್ಕ ತಪ್ತಾ? ಚೆನ್ನಾಗಿದೆ!" ಅತ್ತೆ ನಗುತ್ತಲೇ ಸುಲಿದ ಕಿತ್ತಳೆಯನ್ನು ಸೊಸೆಯ ಡಬ್ಬಿಗೆ ಹಾಕಿದರು.

ತಪ್ಪಿದ್ದು ನಿಜ. ಹಿಂದಿನ ದಿನ ಹೆಡ್ ಮೇಡಂ ಒಂದು ಪಟ್ಟಿ ಕೊಟ್ಟು, "ನೋಡಿ ಟಿಪ್ಪಣಿ ಬರ್ಕೊಡಿ. ಸಣ್ಣ ಟೀಚರ್ನ ಮುಂದಿನ ವರ್ಷ ಇಟ್ಕೊಳ್ಳೋದೋ ಬೇಡ್ವೋ, ನಾಳೆ ಸಂಜೆಯೊಳಗೆ ತಿಳಿಸ್ಬೇಕು" ಎಂದಿದ್ದರು. ಸಣ್ಣ ಟೀಚರ್ ಆರನೇ ತರಗತಿಯ ತಾತ್ಕಾಲಿಕ ಗಣಿತ ಶಿಕ್ಷಕಿ. ಪಟ್ಟಿಯಲ್ಲಿದ್ದದ್ದು ಬೆಳವಣಿಗೆಯ ಪರ್ಸೆಂಟೈಲ್. ಮಗು ಎಷ್ಟು ಅಂಕ ತೆಗೆಯಿತು ಎಂದು ಅದು ಕೇಳುವುದಿಲ್ಲ. ಹೋದ ವರ್ಷ ತನ್ನಷ್ಟೇ ಅಂಕ ತೆಗೆದಿದ್ದ ಊರಿನ ಬೇರೆ ಮಕ್ಕಳಲ್ಲಿ, ನೂರಕ್ಕೆ ಎಷ್ಟು ಮಂದಿಯನ್ನು ಈ ವರ್ಷ ಹಿಂದೆ ಹಾಕಿತು ಎಂದು ನೋಡುತ್ತದೆ.

ಸಣ್ಣ ಟೀಚರ್ ತರಗತಿಯ ಒಂಬತ್ತು ಮಕ್ಕಳು ಐದು, ಆರು, ಏಳನೇ ಪರ್ಸೆಂಟೈಲ್‌ನಲ್ಲಿ ನೆಲಕಚ್ಚಿದ್ದರು. ಮಿಕ್ಕವರೆಲ್ಲ ಐವತ್ತರ ಆಚೀಚೆ. ಆ ಒಂಬತ್ತೂ ಮಂದಿಗೆ ಹೋದ ವರ್ಷ ಬಂದಿದ್ದು ಸರಿಯಾಗಿ ಮೂವತ್ತೈದು, ಪಾಸಾಗಲು ಬೇಕಾದಷ್ಟು.

ಬಂದಿದ್ದಲ್ಲ, ಕೊಟ್ಟಿದ್ದು. ದೊಡ್ಡ ಟೀಚರಿಗೆ ಮಾತ್ರ ಗೊತ್ತಿದ್ದ ವಿಷಯ. ಉತ್ತರ ತಪ್ಪಿದ್ದರೂ ಸಾಲಿಗೊಂದು ಅಂಕ, ಅಚ್ಚುಕಟ್ಟಾದ ಗೆರೆಗೆ ಅರ್ಧ. ಪಾಪ, ಮಕ್ಕಳು ಅಳಬಾರದು ಎಂದು ಯಾವ ದಾಖಲೆಗೂ ಸಿಗದಂತೆ ಹಂಚಿದ ಕೃಪಾಂಕ.

ಶಾಲೆಗೆ ಬಂದವರೇ ದಾಖಲೆ ಕೋಣೆಯ ಬೀರು ತೆರೆದು ಹಳೆಯ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದರು. ಕೃಪಾಂಕ ಬಿಟ್ಟು ನಿಂತೇ ಕೂಡಿದರು. ಇಪ್ಪತ್ತೆರಡು. ಹತ್ತೊಂಬತ್ತು. ಇಪ್ಪತ್ತನಾಲ್ಕು. ಕೂಡಿದ್ದನ್ನೇ ಮತ್ತೆ ಕೂಡಿದರು. ಇಪ್ಪತ್ತೆರಡರ ಹುಡುಗಿ ಈ ವರ್ಷ ಮೂವತ್ತಾರು ತೆಗೆದಿದ್ದಳು. ಹದಿನಾಲ್ಕು ಅಂಕ ಮೇಲೇರಿದ್ದವಳು ಪಟ್ಟಿಯ ಕಣ್ಣಿಗೆ ಏರಿದ್ದು ಒಂದೇ ಒಂದು. ಪಟ್ಟಿಯ ಜೊತೆಗಿದ್ದ ಕೋಷ್ಟಕದ ಪ್ರಕಾರ, ಇಪ್ಪತ್ತೆರಡರಿಂದ ಹೊರಟ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದ್ದರೆ ಎಂಬತ್ತೊಂದರಲ್ಲಿ ಇರುತ್ತಿದ್ದಳು!

ಹೆಡ್ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು ತಮ್ಮ ಕೋಣೆಯ ಬಾಗಿಲು ಮುಂದೆ ಮಾಡಿದರು.

"ಇದನ್ನ ಬರೆದ್ರೆ ನಿಮ್ಮ ತಲೆ ಮೇಲೆ ಬರತ್ತೆ. ನಿವೃತ್ತಿಗೆ ಎರಡೇ ವರ್ಷ. ಪಟ್ಟಿ ನಂಬೋ ಹಾಗಿಲ್ಲ ಅಂತ ಎರಡು ಸಾಲು ಗೀಚಿ, ಸಾಕು. ಅವಳೂ ಉಳೀತಾಳೆ."

"ಪಟ್ಟಿದೇನೂ ತಪ್ಪಿಲ್ಲ ಮೇಡಂ. ನಾನು ಕೊಟ್ಟಿದ್ದನ್ನ ನಂಬ್ತು, ಅಷ್ಟೆ."

ಹೆಡ್ ಮೇಡಂ ಎದ್ದು ತಮ್ಮ ಕುರ್ಚಿ ಬಿಟ್ಟುಕೊಟ್ಟರು. "ಕೂತ್ಕೊಂಡು ಬರೀರಿ."

ಬರೆದರು, ಸಹಿ ಹಾಕಿದರು. ಕೆಳಗೆ ಹೆಡ್ ಮೇಡಂ, ಸಣ್ಣ ಟೀಚರನ್ನು ಮುಂದುವರಿಸಬೇಕು ಎಂದು ಬರೆದು ತಮ್ಮ ಸಹಿ ಸೇರಿಸಿದರು.

ಸಣ್ಣ ಟೀಚರ್ ಶಿಕ್ಷಕರ ಕೊಠಡಿಯಲ್ಲಿ ನೋಟ್‌ಬುಕ್ ತಿದ್ದುತ್ತಿದ್ದಳು. ದೊಡ್ಡ ಟೀಚರ್ ಬಾಯಿಂದ ವಿಷಯ ಕೇಳುತ್ತಾ ಹೋದಂತೆ ಅವಳ ಮುಖ ಅರಳಲಿಲ್ಲ, ಕೆಂಪೇರಿತು.

"ಉಳ್ಕೊಂಡೆ, ಸರಿ. ಆದ್ರೆ ಟೀಚರ್, ಅವ್ರಿಗೆ ಭಾಗಾಕಾರ ಬರತ್ತೆ ಅಂದ್ಕೊಂಡು ನಾನು ಸೀದಾ ಭಿನ್ನರಾಶಿ ಶುರು ಮಾಡ್ದೆ. ಎರಡು ತಿಂಗಳು ಮಿಕಮಿಕ ನೋಡ್ತಿದ್ರು. ಸೋಮಾರಿಗಳು ಅಂತ ಬೈದಿದೀನಿ ನಾನು, ಆ ಮಕ್ಕಳನ್ನ!"

ಈ ಎರಡು ತಿಂಗಳು ದೊಡ್ಡ ಟೀಚರ್ ಲೆಕ್ಕದಲ್ಲಿ ಇರಲೇ ಇಲ್ಲ.

"ನಂಗೂ ಬೈಯಮ್ಮ," ಎಂದರು.

"ಬೈತೀನಿ, ಆಮೇಲೆ. ಆ ಒಂಬತ್ತು ಪತ್ರಿಕೆ ತನ್ನಿ ಮೊದ್ಲು. ಯಾರು ಎಲ್ಲಿ ಎಡವಿದಾರೆ ನೋಡ್ಬೇಕು."

ತಂದರು. ಇಬ್ಬರೂ ತಲೆ ತಗ್ಗಿಸಿ ಮೊದಲ ಪತ್ರಿಕೆ ಹರವಿದರು, ಇಪ್ಪತ್ತೆರಡರ ಹುಡುಗಿಯದು. ಶೇಷವನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ರತಿ ಸಲವೂ ಅಳಿಸಿಹಾಕಿದ್ದಳು.

"ನಾಳೆ ಬಿಡುವಿನಲ್ಲಿ ಇವಳನ್ನ ನನ್ಹತ್ರ ಕಳ್ಸು," ಎಂದರು ದೊಡ್ಡ ಟೀಚರ್.

"ಕಳಿಸ್ತೀನಿ. ಆದ್ರೆ ಅಂಕ ಕೊಡೋ ಹಾಗಿಲ್ಲ."

"ಇಲ್ಲಮ್ಮ."